ತೊಗರಿ ಗೋದಾಮಿಗೆ ಗ್ಯಾಸ್ ಹಾಕುವ ಮುನ್ನ: ಥಪ್ಪಿ ಹಚ್ಚುವುದರಿಂದ ಕೀಲಿ ತೆಗೆಯುವವರೆಗಿನ ಸಮಗ್ರ ಮಾರ್ಗದರ್ಶಿ

ನುಸಿ ಕೊಲ್ಲಲು ವಿಷಾನಿಲದ ಗುಳಿಗೆ ಇಟ್ಟು ಗ್ಯಾಸ್ ಹಾಕಿದ ತಿಂಗಳೊಳಗೆ ತೊಗರಿಯಲ್ಲಿ ಮತ್ತೆ ನುಸಿ ಕಂಡರೆ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಮೊದಲು ಕೇಳಿಬರುವ ಮಾತು ‘ಗುಳಿಗೆ ಕಡಿಮೆ ಬಿತ್ತು’ ಎಂಬುದು. ಮುಂದಿನ ಸಲ ಡೋಸ್ ಹೆಚ್ಚಿಸುತ್ತಾರೆ, ನುಸಿ ಮತ್ತೆ ಬರುತ್ತದೆ. ಬಹುತೇಕ ಗೋದಾಮುಗಳಲ್ಲಿ ಗುಳಿಗೆ ಸಾಕಷ್ಟೇ ಬಿದ್ದಿರುತ್ತದೆ. ಆದರೆ ಥಪ್ಪಿಗೆ (ಒಂದರ ಮೇಲೊಂದು ಹಚ್ಚಿದ ಚೀಲಗಳ ಅಟ್ಟಿಗೆ) ಹಾಕಿದ ಹೊದಿಕೆಯ ತೂತು, ನೆಲದ ಫರಸಿ ಕಲ್ಲಿನ ಸಂದು, ಹೊದಿಕೆಯ ಅಂಚಿನ ಮೇಲೆ ಸರಿಯಾಗಿ ಕೂರದ ಉಸುಕಿನ ಚೀಲ ಇವುಗಳ ಮೂಲಕ ಎರಡೇ ದಿನದಲ್ಲಿ ಗ್ಯಾಸ್ ಸೋರಿಹೋಗಿರುತ್ತದೆ. ಸೋರಿದ ಗ್ಯಾಸ್ ನುಸಿಯನ್ನು ಉಳಿಸುವುದಷ್ಟೇ ಅಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಕೊಲ್ಲಲೂಬಹುದು. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಗುಳಿಗೆಯ ಡಬ್ಬಿ ತೆರೆಯುವುದಕ್ಕಿಂತ ಮುಂಚಿನ ಕೆಲಸದ ಬಗ್ಗೆ ಇದೆ.

ಯಾರು ಮಾಡಬೇಕು, ಎಲ್ಲಿ ಮಾಡಲೇಬಾರದು

ಇಲ್ಲಿ ಹೇಳುತ್ತಿರುವುದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ವಿಷಯ. ಇದು ಗಾಳಿಯ ತೇವ ಹೀರಿ ಫಾಸ್ಫೀನ್ ಅನಿಲ ಬಿಡುತ್ತದೆ. ಶೇ. 56ರ 3 ಗ್ರಾಂ ಗುಳಿಗೆಯೊಂದು 1 ಗ್ರಾಂ ಫಾಸ್ಫೀನ್ ಕೊಡುತ್ತದೆ. ಕೀಟನಾಶಕ ಕಾಯ್ದೆಯ ನಿರ್ಬಂಧದ ಪ್ರಕಾರ ಇದನ್ನು ಬಳಸಬಹುದಾದವರು ಸರ್ಕಾರಿ ಸಂಸ್ಥೆಗಳು, ಮತ್ತು ಕೇಂದ್ರದ ಸಸ್ಯ ಸಂರಕ್ಷಣಾ ಸಲಹೆಗಾರರಿಂದ ಮಾನ್ಯತೆ ಪಡೆದ ತಜ್ಞರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಕೀಟ ನಿಯಂತ್ರಣ ಸಂಸ್ಥೆಗಳು ಮಾತ್ರ. ದಾಲ್ ಮಿಲ್ ಮಾಲೀಕರು, ಅಡತಿಯವರು, ಗೋದಾಮು ನೋಡಿಕೊಳ್ಳುವವರು ಗುಳಿಗೆ ಮುಟ್ಟುವ ಹಾಗಿಲ್ಲ. ಆದರೆ ಜಾಗ ಸಜ್ಜು ಮಾಡುವ ಹೊಣೆ ಅವರದೇ, ಮತ್ತು ಬಂದ ಆಪರೇಟರ್ ಸರಿಯಾಗಿ ಮಾಡುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲೂ ಈ ಮಾಹಿತಿ ಬೇಕು.

ಮನೆಗೆ ಅಂಟಿಕೊಂಡ ಗೋದಾಮು, ಮೇಲಂತಸ್ತಿನಲ್ಲಿ ಜನ ವಾಸವಿರುವ ಅಂಗಡಿ, ಕಾವಲುಗಾರನ ಸಂಸಾರ ಒಂದೇ ಗೋಡೆಯ ಆಚೆ ಇರುವ ಮಿಲ್ಲು, ಇಂಥ ಕಡೆ ಈ ಕೆಲಸ ಬೇಡ. ಫಾಸ್ಫೀನ್ ಗಾಳಿಗಿಂತ ಸ್ವಲ್ಪವೇ ಭಾರ. ಹಾಗಾಗಿ ಅದು ನೆಲದಲ್ಲಿ ಕೂರುವುದೂ ಇಲ್ಲ, ಮೇಲೆ ಹಾರಿಹೋಗುವುದೂ ಇಲ್ಲ, ಎಲ್ಲ ದಿಕ್ಕಿಗೂ ನುಸುಳುತ್ತದೆ. ವೈರಿಂಗ್ ಪೈಪು, ಸುಣ್ಣ ಉದುರಿದ ಇಟ್ಟಿಗೆಯ ಸಂದು, ಪತ್ರಾಸಿನ (ಛಾವಣಿಯ ತಗಡಿನ) ಅಂಚು ಅದಕ್ಕೆ ಸಾಕು. ಮಾಲನ್ನು ಒಂಟಿ ಗೋದಾಮಿಗೆ ಸಾಗಿಸಿ ಅಲ್ಲಿ ಗ್ಯಾಸ್ ಹಾಕಿಸಿ. ಹಮಾಲಿ ಖರ್ಚು ಬೀಳುತ್ತದೆ ನಿಜ, ಇದರಲ್ಲಿ ಚೌಕಾಸಿ ಮಾಡಬೇಡಿ. ಮನೆಯಲ್ಲಿ ವರ್ಷಕ್ಕೆಂದು ಇಟ್ಟ ಜೋಳದ ಚೀಲಕ್ಕೆ ಗುಳಿಗೆ ಹಾಕುವುದಂತೂ ಸಾವನ್ನು ಕರೆದಂತೆ. ಆ ಚೀಲ ಇರುವ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ.

ಯಾವಾಗ

ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಆಸುಪಾಸಿನಲ್ಲಿ ತೊಗರಿ ರಾಶಿ ಶುರುವಾಗಿ ಮಾಲು ಗಂಜ್‌ಗೆ ಬರತೊಡಗುತ್ತದೆ. ದ್ವಿದಳ ಧಾನ್ಯದ ದುಂಬಿ ಹೊಲದಲ್ಲೇ ಬಲಿತ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ. ಅಂದರೆ ನುಸಿ ಗೋದಾಮಿನಲ್ಲಿ ಹುಟ್ಟಿದ್ದಲ್ಲ, ಚೀಲದ ಜೊತೆಗೇ ಬಂದದ್ದು. 30 ಡಿಗ್ರಿ ಉಷ್ಣತೆಯಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಸುಮಾರು ನಾಲ್ಕು ವಾರ ಸಾಕು. ಹೀಗಾಗಿ ಮಾಲು ಥಪ್ಪಿಯಾದ ಮೂರು ವಾರದೊಳಗೆ ಮೊದಲ ಗ್ಯಾಸ್ ಆಗಬೇಕು. ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಮೊಟ್ಟೆ. ದುಂಡನೆಯ ತೂತು ಕಂಡರೆ ದುಂಬಿ ಆಗಲೇ ಹೊರಬಂದಿದೆ, ನೀವು ಒಂದು ಪೀಳಿಗೆ ತಡಮಾಡಿದ್ದೀರಿ.

ಡಿಸೆಂಬರ್-ಜನವರಿಯಲ್ಲಿ ಬೀದರ್ ಕಡೆ ರಾತ್ರಿ ಚಳಿ ಜೋರು. ಧಾನ್ಯದ ಒಳಗಿನ ಉಷ್ಣತೆ 15 ಡಿಗ್ರಿಗಿಂತ ಕೆಳಗಿದ್ದರೆ ಗ್ಯಾಸ್ ಹಾಕಬೇಡಿ. ಹುಳುವಿನ ಉಸಿರಾಟವೇ ನಿಧಾನವಾಗಿರುವುದರಿಂದ ಅದು ವಿಷ ಎಳೆದುಕೊಳ್ಳುವುದಿಲ್ಲ. 15ರಿಂದ 25ರ ನಡುವೆ 10 ದಿನ, 25ಕ್ಕೂ ಮೇಲಿದ್ದರೆ 7 ದಿನ ಮುಚ್ಚಿಡಿ. ಹೊರಗಿನ ಬಿಸಿಲು ನೋಡಿ ಅಂದಾಜು ಮಾಡಬೇಡಿ, ಉದ್ದನೆಯ ಕಡ್ಡಿಯ ಥರ್ಮಾಮೀಟರನ್ನು ಚೀಲದೊಳಗೆ ಚುಚ್ಚಿ ನೋಡಿ. ಏಪ್ರಿಲ್-ಮೇ ತಿಂಗಳ ತೊಂದರೆ ಬೇರೆ. ಬಿಸಿ ಇದ್ದರೂ ಕಲಬುರಗಿಯ ಗಾಳಿಯಲ್ಲಿ ತೇವ ತೀರ ಕಡಿಮೆ, ಗುಳಿಗೆ ಕರಗುವುದು ನಿಧಾನ. ಏಳನೆಯ ದಿನವೂ ಗುಳಿಗೆ ಇಟ್ಟ ತಟ್ಟೆಯಲ್ಲಿ ಗಟ್ಟಿ ಚೂರು ಉಳಿದಿದ್ದರೆ ಕಾರಣ ಇದೇ. ಆ ಕಾಲದಲ್ಲಿ ಎರಡು ಮೂರು ದಿನ ಹೆಚ್ಚಿಗೆ ಕೊಡುವುದು ಒಳ್ಳೆಯದು.

ಮೊದಲ ಕೆಲಸ: ನೆಲ

ನಮ್ಮ ಭಾಗದ ಗೋದಾಮುಗಳಲ್ಲಿ ನೆಲಕ್ಕೆ ಶಹಾಬಾದ್ ಫರಸಿ ಹೆಚ್ಚು. ಕಲ್ಲು ಗಟ್ಟಿ, ಗ್ಯಾಸ್ ಅದರ ಮೂಲಕ ಹೋಗುವುದಿಲ್ಲ. ಆದರೆ ಎರಡು ಕಲ್ಲಿನ ನಡುವಿನ ಸಂದು ಹೋಗಗೊಡುತ್ತದೆ. ಹೊದಿಕೆಯ ಅಂಚಿನ ಮೇಲೆ ಎಷ್ಟೇ ಉಸುಕಿನ ಚೀಲ ಇಟ್ಟರೂ ಕೆಳಗಿನ ಸಂದಿನಲ್ಲಿ ಗ್ಯಾಸ್ ಆಚೆ ದಾಟುತ್ತದೆ. ಗೋದಾಮು ಖಾಲಿಯಿದ್ದಾಗ, ಅಂದರೆ ನವೆಂಬರ್ ಹೊತ್ತಿಗೆ, ಎಲ್ಲ ಸಂದುಗಳನ್ನು ಕೆದರಿ, ಒಳಗಿನ ಹಳೆಯ ಕಾಳು ಧೂಳು ತೆಗೆದು, ಸಿಮೆಂಟ್ ರಾಡಿ ತುಂಬಿ. ಕೆದರಿದಾಗ ಬರುವ ಹಳೆಯ ಕಾಳಿನಲ್ಲಿ ಹೋದ ವರ್ಷದ ನುಸಿ ಜೀವಂತ ಇರಬಹುದು. ಅದನ್ನು ಬಾಗಿಲ ಹೊರಗೆ ಚೆಲ್ಲದೆ ಸುಟ್ಟುಬಿಡಿ.

ಇನ್ನೂ ಖಚಿತವಾದ ದಾರಿ: ಥಪ್ಪಿ ಹಚ್ಚುವ ಮೊದಲೇ ನೆಲಕ್ಕೆ ಒಂದು ಪಾಲಿಥೀನ್ ಹಾಳೆ ಹಾಸುವುದು. ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಚೀಲ. ಕೆಳಹಾಳೆ ಥಪ್ಪಿಯ ನಾಲ್ಕೂ ಕಡೆ ಒಂದು ಮೀಟರ್ ಹೊರಗೆ ಚಾಚಿರಲಿ. ಮುಂದೆ ಮೇಲಿನ ಹೊದಿಕೆ ಬಂದಾಗ ಎರಡೂ ಹಾಳೆಗಳ ಅಂಚನ್ನು ಜೊತೆಯಾಗಿ ಸುರುಳಿ ಸುತ್ತಿ ಮೇಲೆ ಉಸುಕಿನ ಚೀಲ ಹೇರಬಹುದು. ಹಲಗೆಯ ಮೊಳೆ ಹಾಳೆಗೆ ಚುಚ್ಚದಂತೆ ಅದನ್ನು ಬಡಿದು ಒಳಗಿಳಿಸಿ.

ಥಪ್ಪಿ

ಗೋಡೆಯಿಂದ ಒಂದು ಮೀಟರ್ ಅಂತರ, ಎರಡು ಥಪ್ಪಿಗಳ ನಡುವೆ ಅಷ್ಟೇ ಅಂತರ, ಮೇಲ್ಛಾವಣಿಗೆ ಕನಿಷ್ಠ ಒಂದೂವರೆ ಮೀಟರ್ ಬಿಡಿ. ಗೋಡೆಗೆ ಒರಗಿಸಿ ಹಚ್ಚಿದ ಥಪ್ಪಿಗೆ ಗ್ಯಾಸ್ ಹಾಕುವುದು ವ್ಯರ್ಥ, ಹಿಂಬದಿಯ ಅಂಚು ಮುಚ್ಚಲು ಕೈಯೇ ಹೋಗುವುದಿಲ್ಲ. ಕಂಬವನ್ನು ನಡುವೆ ಸೇರಿಸಿ ಥಪ್ಪಿ ಹಚ್ಚುವ ರೂಢಿಯೂ ಬೇಡ, ಹೊದಿಕೆ ಕತ್ತರಿಸಬೇಕಾಗುತ್ತದೆ. ತೊಗರಿಯ ತೇವಾಂಶ ಶೇ. 12 ದಾಟಿರಬಾರದು.

ಇಲ್ಲಿಂದ ಲೆಕ್ಕಕ್ಕೆ ಒಂದು ಥಪ್ಪಿ ತೆಗೆದುಕೊಳ್ಳೋಣ: 9 ಮೀಟರ್ ಉದ್ದ, 6 ಮೀಟರ್ ಅಗಲ, 4.5 ಮೀಟರ್ ಎತ್ತರ. 50 ಕಿಲೋದ ಸುಮಾರು 3,000 ಚೀಲ, ಅಂದರೆ 150 ಟನ್. ಗಾತ್ರ 243 ಘನ ಮೀಟರ್.

ಹೊದಿಕೆ ಮತ್ತು ಉಸುಕಿನ ಚೀಲ

ಹೊದಿಕೆ 200 ಮೈಕ್ರಾನ್ ದಪ್ಪದ, ಗ್ಯಾಸ್ ತಡೆಯುವ ಪಾಲಿಥೀನ್ ಅಥವಾ ಬಹುಪದರದ ಹಾಳೆಯಾಗಿರಬೇಕು. ಲಾರಿಗೆ ಕಟ್ಟುವ ನೇಯ್ದ ತಾಡಪತ್ರಿ ಮಳೆ ತಡೆಯುತ್ತದೆ, ಗ್ಯಾಸ್ ತಡೆಯುವುದಿಲ್ಲ. ಅಳತೆ ಹೀಗೆ: ಉದ್ದಕ್ಕೆ 9 ಮೀಟರ್, ಎರಡು ಬದಿ ಇಳಿಯಲು 9 ಮೀಟರ್, ನೆಲದ ಮೇಲೆ ಎರಡೂ ಕಡೆ ಒಂದೊಂದು ಮೀಟರ್, ಒಟ್ಟು 20 ಮೀಟರ್. ಅಗಲಕ್ಕೆ ಅದೇ ಲೆಕ್ಕದಲ್ಲಿ 17 ಮೀಟರ್. ಇಷ್ಟು ದೊಡ್ಡ ಹಾಳೆ 60 ಕಿಲೋ ದಾಟುತ್ತದೆ. ಒಬ್ಬಿಬ್ಬರು ನೆಲದ ಮೇಲೆ ದರದರ ಎಳೆದುಕೊಂಡು ಹೋದರೆ ತೂತು ಖಂಡಿತ. ಆರು ಜನ ಹೊತ್ತು ಥಪ್ಪಿಯ ನೆತ್ತಿಗೆ ಏರಿಸಿ ಅಲ್ಲಿಂದ ಬಿಚ್ಚಿ ಇಳಿಬಿಡಬೇಕು. ಚೂಪಾದ ಮೂಲೆಗಳಿಗೆ ಮೊದಲು ಖಾಲಿ ಗೋಣಿಚೀಲ ಮಡಚಿ ಇಡಿ.

ಹೊದಿಸುವ ಮೊದಲು ಹಾಳೆಯನ್ನು ಬಿಸಿಲಿಗೆ ಹಿಡಿದು ಇಂಚಿಂಚು ನೋಡಿ. ಸೂಜಿ ಮೊನೆಯಷ್ಟು ತೂತೂ ಬೆಳಕಿನಲ್ಲಿ ನಕ್ಷತ್ರದಂತೆ ಹೊಳೆಯುತ್ತದೆ. ಪ್ರತಿ ತೂತಿಗೂ ಒಳಗೂ ಹೊರಗೂ ಪ್ಯಾಕಿಂಗ್ ಟೇಪ್ ಹಚ್ಚಿ. ಒಂದು ಮೀಟರ್ ಚೌಕದಲ್ಲಿ ಹತ್ತಾರು ತೂತು ಕಂಡರೆ ಆ ಹಾಳೆಗೆ ಟೇಪ್ ಹಚ್ಚುತ್ತ ಕೂರಬೇಡಿ, ರಾಶಿ ಮುಚ್ಚಲು ಕೊಟ್ಟುಬಿಡಿ. ಎರಡು ಹಾಳೆ ಜೋಡಿಸಲೇಬೇಕಾದರೆ ಒಂದು ಮೀಟರ್ ಒಂದರ ಮೇಲೊಂದು ಬರಲಿ, ಸೇರಿಸಿ ಸುರುಳಿ ಸುತ್ತಿ, ಅರ್ಧ ಅಡಿಗೊಂದು ಕ್ಲಿಪ್ಪು.

ಉಸುಕಿನ ಚೀಲ ಒಂದು ಮೀಟರ್ ಉದ್ದ, ನಾಲ್ಕೈದು ಇಂಚು ದಪ್ಪ. ಪೂರ್ತಿ ಗಿಡಿಯಬಾರದು, ಮುಕ್ಕಾಲು ಮಾತ್ರ ತುಂಬಿ. ತುಂಬಿ ತುಳುಕುವ ಚೀಲ ಕೊಳವೆಯಂತೆ ಉರುಟಾಗಿ ನಿಂತು ನೆಲಕ್ಕೆ ಒಂದು ಗೆರೆಯಷ್ಟೇ ತಾಗುತ್ತದೆ. ಮುಕ್ಕಾಲು ತುಂಬಿದ್ದು ಚಪ್ಪಟೆಯಾಗಿ ಕೂತು ಒತ್ತುತ್ತದೆ. ಒಣ ಉಸುಕೇ ಇರಲಿ. ಹಸಿ ಉಸುಕಿನ ತೇವ ಹಾಳೆಯ ಕೆಳಗೆ ಹರಿದು ಗುಳಿಗೆಗೆ ತಾಗಿದರೆ ಬೆಂಕಿ. ಒಂದಕ್ಕೊಂದು ಒಂದು ಗೇಣು ಮೇಲೆ ಬರುವಂತೆ ಎರಡು ಸಾಲು, ಮೂಲೆಗಳಲ್ಲಿ ಮೂರು. ನಮ್ಮ ಲೆಕ್ಕದ ಥಪ್ಪಿಗೆ 100 ಚೀಲ ಸಿದ್ಧ ಇಟ್ಟುಕೊಳ್ಳಿ. ‘ಐವತ್ತು ಸಾಕು’ ಎನ್ನುವ ಆಪರೇಟರ್ ಒಂದೇ ಸಾಲಿನ ಲೆಕ್ಕ ಹಾಕಿದ್ದಾನೆ. ಮೂಲೆಯಲ್ಲಿ ಹಾಳೆ ನೆರಿಗೆ ಬೀಳುತ್ತದೆ, ಅದನ್ನು ಒಂದೇ ಕಡೆಗೆ ಮಡಚಿ ಟೇಪ್ ಹಚ್ಚಿ. ಸೋರಿಕೆ ಹುಡುಕಲು ಹೊರಟರೆ ಅದು ಹೆಚ್ಚಾಗಿ ಮೂಲೆಯಲ್ಲೇ ಸಿಗುತ್ತದೆ.

ಅಳತೆಯ ನಳಿಕೆ

ಇದನ್ನು ಬಿಟ್ಟೇ ಕೆಲಸ ಮುಗಿಸುವವರು ಬಹಳ. ಅಳೆಯದೆ ಹಾಕಿದ ಗ್ಯಾಸು ನಂಬಿಕೆಯ ಮೇಲೆ ನಡೆಯುವ ವ್ಯವಹಾರ. ಹೊದಿಸುವ ಮೊದಲು ಮೂರು ಸಣ್ಣ ಪ್ಲಾಸ್ಟಿಕ್ ನಳಿಕೆ ಇಡಬೇಕು: ಒಂದು ಮುಂಭಾಗದ ತಳದಲ್ಲಿ, ಒಂದು ನಟ್ಟನಡುವಿನ ಚೀಲಗಳ ಮಧ್ಯೆ, ಒಂದು ಹಿಂಭಾಗದ ನೆತ್ತಿಯಲ್ಲಿ. ಒಳತುದಿಗೆ ತೆಳು ಬಟ್ಟೆ ಕಟ್ಟಿದರೆ ಕಾಳು ಸಿಕ್ಕಿಕೊಳ್ಳುವುದಿಲ್ಲ. ಹೊರತುದಿಗಳನ್ನು ಬಾಗಿಲ ಹೊರಗೆ ತಂದು, ಮಡಚಿ ಕ್ಲಿಪ್ಪು ಹಾಕಿ, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿ. ಓದಲು ಒಳಗೆ ಹೋಗಬೇಕಾದ ವ್ಯವಸ್ಥೆ ಮಾಡಬೇಡಿ.

ಮೀಟರ್ ಎರಡು ಬಗೆಯದು ಬೇಕು. ಹೊದಿಕೆಯೊಳಗೆ ನೋಡಲು 1,000-2,000 ಪಿಪಿಎಂವರೆಗೆ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು ಗ್ಯಾಸ್) ಓದುವುದು, ಮನುಷ್ಯರ ಸುರಕ್ಷತೆಗೆ 0.1 ಪಿಪಿಎಂ ಮಟ್ಟದಲ್ಲಿ ಓದುವುದು. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ಗೋದಾಮನ್ನು ಖಾಲಿ ಮಾಡುವುದು

ಹಿಂದಿನ ದಿನ ಮಧ್ಯಾಹ್ನದೊಳಗೆ ಇದು ಮುಗಿಯಲಿ. ಎಲೆಕ್ಟ್ರಾನಿಕ್ ಕಾಟಾ, ಕ್ಯಾಮೆರಾದ ಡಬ್ಬಿ, ಕಂಪ್ಯೂಟರ್, ಮೊಬೈಲ್ ಚಾರ್ಜರ್ ಎಲ್ಲ ಹೊರಗೆ ಒಯ್ಯಿರಿ. ಫಾಸ್ಫೀನ್ ತಾಮ್ರ, ಬೆಳ್ಳಿ, ಬಂಗಾರವನ್ನು ತಿನ್ನುತ್ತದೆ. ಗ್ಯಾಸ್ ಹಾಕಿದ ಕೆಲ ದಿನಕ್ಕೆ ಕಾಟಾ ತಪ್ಪು ತೂಕ ತೋರಿಸಿದರೆ ಯಾರೂ ಇದನ್ನು ಅನುಮಾನಿಸುವುದಿಲ್ಲ. ಒಳಗೆ ಹೋಗುವವರು ಉಂಗುರ, ಕೈಗಡಿಯಾರ, ಮೊಬೈಲ್ ತೆಗೆದಿಡಬೇಕು. ಮೇನ್ ಸ್ವಿಚ್ ಆರಿಸಿ. ಸೋರುವ ಪತ್ರಾಸು ಇದ್ದರೆ ಮೊದಲು ಅದನ್ನು ದುರಸ್ತಿ ಮಾಡಿ, ಒಂದು ಹನಿ ನೀರು ತಟ್ಟೆಗೆ ಬೀಳಬಾರದು.

ಆಮೇಲೆ ಜನ. ಬೇಸಿಗೆ ಮಧ್ಯಾಹ್ನ ಹಮಾಲರು ಥಪ್ಪಿಯ ಮೇಲೋ ಹಿಂದಿನ ತಂಪು ಸಂದಿಯಲ್ಲೋ ಮಲಗುತ್ತಾರೆ. ಬಾಗಿಲಲ್ಲಿ ನಿಂತು ಕೂಗಿದರೆ ಸಾಲದು, ಬ್ಯಾಟರಿ ಹಿಡಿದು ಪ್ರತಿ ಸಂದಿಯನ್ನೂ ನಡೆದು ನೋಡಿ, ತಲೆ ಎಣಿಸಿ. ಕಾವಲುಗಾರನ ಹಾಸಿಗೆ, ನೀರಿನ ಮಡಕೆ, ಬುತ್ತಿ, ಬೆಕ್ಕಿನ ಮರಿ ಎಲ್ಲವೂ ಹೊರಗೆ. ಅಕ್ಕಪಕ್ಕದ ಅಂಗಡಿಯವರಿಗೂ ಹತ್ತಿರದ ಪೊಲೀಸ್ ಠಾಣೆಗೂ ಮೊದಲೇ ಬರೆದು ತಿಳಿಸಿ.

ಎಚ್ಚರಿಕೆಯ ಫಲಕ ಕನ್ನಡದಲ್ಲಿ ಮಾತ್ರ ಇದ್ದರೆ ಅರ್ಧ ಜನಕ್ಕೆ ತಲುಪುವುದಿಲ್ಲ. ಕಲಬುರಗಿಯಲ್ಲಿ ಉರ್ದು ಬೇಕು, ಸೇಡಂ ಮತ್ತು ಯಾದಗಿರಿಯ ಗುರುಮಠಕಲ್ ಕಡೆ ತೆಲುಗು, ಬೀದರಿನ ಭಾಲ್ಕಿ-ಔರಾದ್‌ನಲ್ಲಿ ಮರಾಠಿ, ಉತ್ತರದಿಂದ ಬಂದ ಕೂಲಿಗಳಿರುವಲ್ಲಿ ಹಿಂದಿ. ಓದು ಬಾರದವರಿಗೆ ತಲೆಬುರುಡೆಯ ಚಿತ್ರ. ಫಲಕದಲ್ಲಿ ವಿಷಾನಿಲದ ಹೆಸರು, ಹಾಕಿದ ದಿನ ಮತ್ತು ಹೊತ್ತು, ತೆರೆಯುವ ದಿನ, ಹೊಣೆಗಾರನ ಫೋನ್ ಇರಲಿ. ಪ್ರತಿ ಬಾಗಿಲಿಗೆ ಒಂದು.

ಗುಳಿಗೆ ಇಡುವುದು

ಹೊದಿಸಿದ ಥಪ್ಪಿಗೆ ರೂಢಿಯ ಪ್ರಮಾಣ ಟನ್ನಿಗೆ 3 ಗ್ರಾಂನ ಮೂರು ಗುಳಿಗೆ. ಡಬ್ಬಿಯ ಲೇಬಲ್ ಬೇರೆ ಹೇಳಿದರೆ ಲೇಬಲ್ಲೇ ಅಂತಿಮ. 150 ಟನ್‌ಗೆ 450 ಗುಳಿಗೆ, ಅಂದರೆ 450 ಗ್ರಾಂ ಫಾಸ್ಫೀನ್. 243 ಘನ ಮೀಟರ್‌ಗೆ ಹಂಚಿದರೆ ಘನ ಮೀಟರ್‌ಗೆ ಸುಮಾರು 1.85 ಗ್ರಾಂ, ಹೆಚ್ಚುಕಡಿಮೆ 1,300 ಪಿಪಿಎಂ. ಮೀಟರ್ ಓದುವಾಗ ಈ ಸಂಖ್ಯೆ ನೆನಪಿರಲಿ.

ಕೆಲಸಕ್ಕೆ ಕನಿಷ್ಠ ಇಬ್ಬರು, ಇಬ್ಬರೂ ತರಬೇತಿ ಪಡೆದವರು. ಪೂರ್ಣ ಮುಖ ಮುಚ್ಚುವ ಮುಖವಾಡ, ಫಾಸ್ಫೀನ್‌ಗೆಂದೇ ಇರುವ, ಅವಧಿ ಮುಗಿಯದ, ಗಾಳಿ ಸೋಸುವ ಡಬ್ಬಿ. ಮೂಗಿಗೆ ಕಟ್ಟುವ ಬಟ್ಟೆ, ಕೊರೋನಾ ಕಾಲದ ಮಾಸ್ಕು ಧೂಳನ್ನಷ್ಟೇ ತಡೆಯುತ್ತವೆ. ಕೈಗೆ ಒಣ ಹತ್ತಿ ಗವಸು. ಬೆವರಿನಿಂದ ಒದ್ದೆಯಾದ ಕೂಡಲೇ ಬದಲಿಸಿ.

ಡಬ್ಬಿಯನ್ನು ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ, ಮುಖದಿಂದ ದೂರ ಹಿಡಿದು ತೆರೆಯಿರಿ. ಕೆಲವೊಮ್ಮೆ ಮುಚ್ಚಳ ಬಿಚ್ಚುವಾಗಲೇ ಚಕ್ಕನೆ ಬೆಂಕಿ ಹಾರುತ್ತದೆ. 20 ತಟ್ಟೆಗಳಲ್ಲಿ ತಟ್ಟೆಗೆ 22-23ರಂತೆ ಗುಳಿಗೆಗಳನ್ನು ಒಂದಕ್ಕೊಂದು ತಾಗದಂತೆ ಒಂದೇ ಪದರದಲ್ಲಿ ಹರಡಿ, ಹಲಗೆಯ ಕೆಳಗಿನ ಸಂದಿಗಳಿಗೆ ಥಪ್ಪಿಯ ಸುತ್ತಲೂ ಜಾರಿಸಿ. ಒಂದೇ ಕಡೆ ಗುಡ್ಡೆ ಸುರಿದರೆ ಕಾವು ಏರಿ, ಅಲ್ಲಿನ ಫಾಸ್ಫೀನ್ ಶೇ. 1.8 ದಾಟಿದರೆ ತಾನಾಗೇ ಹೊತ್ತಿಕೊಳ್ಳಬಹುದು. ಹೊದಿಕೆ ತಟ್ಟೆಗೆ ತಾಗಬಾರದು. ಕಾಳಿನ ನಡುವೆ ನೇರವಾಗಿ ಹಾಕಲೂಬಾರದು, ಬೂದಿ ಮಾಲಿಗೆ ಸೇರುತ್ತದೆ.

ಆರಂಭ ಯಾವಾಗಲೂ ಬಾಗಿಲಿಗೆ ಅತಿ ದೂರದ ಮೂಲೆಯಿಂದ, ಬಾಗಿಲ ಕಡೆಗೆ ಬರುತ್ತ. ಉಳಿದ ಬದಿಗಳ ಉಸುಕಿನ ಚೀಲ ಮೊದಲೇ ಕೂತಿರಲಿ, ಇಡುತ್ತ ಬಂದಂತೆ ಹಿಂದಿನಿಂದ ಮುಚ್ಚುತ್ತ ಬನ್ನಿ. ಬಿಸಿ ತೇವದ ದಿನ ಅರ್ಧ ಗಂಟೆಯಲ್ಲೇ ಗ್ಯಾಸ್ ಹೊರಡಬಹುದು, ಅಷ್ಟರೊಳಗೆ ಹೊರಬಿದ್ದು ಕೀಲಿ ಹಾಕಬೇಕು. ಕೀಲಿ ಎರಡು, ಒಂದು ಆಪರೇಟರ್‌ನದು, ಇನ್ನೊಂದು ಗೋದಾಮಿನವರದು. ಒಬ್ಬನೇ ತೆರೆಯುವಂತಿರಬಾರದು. ನೀರು ಹಾಕಿ ಬೆಂಕಿ ಆರಿಸಲು ಹೋಗಬೇಡಿ, ಒಣ ಉಸುಕು ಅಥವಾ ಒಣ ಪುಡಿಯ ಉಪಕರಣ ಬಾಗಿಲ ಬಳಿ ಇರಲಿ.

ಏಳು ದಿನ

ಮೊದಲ, ಎರಡನೆಯ, ನಾಲ್ಕನೆಯ, ಏಳನೆಯ ದಿನ ಮೂರೂ ನಳಿಕೆಯಿಂದ ಓದಿ ಬರೆದಿಡಿ. ಎರಡನೆಯ ದಿನಕ್ಕೆ ಮೂರೂ ಕಡೆ ಸಂಖ್ಯೆ ನೂರಾರಿಗೆ ಏರಿರಬೇಕು. ಒಂದು ನಳಿಕೆ ಮಾತ್ರ ಕಡಿಮೆ ತೋರಿಸಿದರೆ ಸೋರಿಕೆ ಆ ಕಡೆ ಇದೆ. ಮುಖವಾಡ ಧರಿಸಿ, ಸಣ್ಣ ಮಟ್ಟದ ಮೀಟರ್ ಅಂಚಿಗುಂಟ ಓಡಿಸಿ, ಸಿಕ್ಕಲ್ಲಿ ಚೀಲ ಹೇರಿ ಟೇಪ್ ಹಚ್ಚಿ. ಮೂರೂ ಕಡೆ ಕೆಳಗಿದ್ದು ಹವೆ ಒಣಗಿದ್ದರೆ ಗುಳಿಗೆ ಇನ್ನೂ ಬಿಚ್ಚಿಕೊಂಡಿಲ್ಲ, ಒಂದು ದಿನ ಕಾಯಿರಿ. ಏಳನೆಯ ದಿನ ಯಾವ ನಳಿಕೆಯಲ್ಲೂ 200 ಪಿಪಿಎಂಗಿಂತ ಕಡಿಮೆ ಇರಬಾರದು. ಇದ್ದರೆ ಆ ಕೆಲಸವನ್ನು ವಿಫಲವೆಂದೇ ಎಣಿಸಿ, ಹೊದಿಕೆ ಸರಿಪಡಿಸಿ ಮತ್ತೆ ಮಾಡಿಸಿ. ಮೂರು ದಿನಕ್ಕೆ ಬಿಚ್ಚಿದರೆ ದೊಡ್ಡ ದುಂಬಿ ಸತ್ತಿರುತ್ತದೆ, ಮೊಟ್ಟೆ ಮತ್ತು ಕೋಶ ಉಳಿದಿರುತ್ತವೆ. ನೋಡುವವರಿಗೆ ಗೆದ್ದಂತೆ ಕಾಣುತ್ತದೆ. ಹೀಗೆ ಅರೆಬರೆ ಗ್ಯಾಸಿಗೆ ಬದುಕಿದ ಹುಳುವಿನ ಸಂತತಿಗೆ ಫಾಸ್ಫೀನ್ ತಡೆದುಕೊಳ್ಳುವ ಶಕ್ತಿ ಬೆಳೆಯುತ್ತದೆ. ಅಕ್ಕಿ ಗಿರಣಿಗಳಲ್ಲಿ ಕಾಡುವ ಕೆಂಪು ಹಿಟ್ಟಿನ ದುಂಬಿಯಲ್ಲಿ ಇದು ಆಗಲೇ ಕಂಡಿದೆ.

ಬಿಚ್ಚುವುದು

ಬೆಳಿಗ್ಗೆ ಬಿಚ್ಚಿ, ಸಂಜೆ ಬೇಡ. ಮೊದಲು ಬಾಗಿಲು, ಕಿಟಕಿ, ಗವಾಕ್ಷಿ ಹೊರಗಿನಿಂದ ತೆರೆದು ಎರಡು ಗಂಟೆ ಬಿಡಿ. ಆಮೇಲೆ ಮುಖವಾಡದೊಂದಿಗೆ ಇಬ್ಬರು ಹೋಗಿ ಎದುರುಬದುರಿನ ಎರಡು ಮೂಲೆ ಮಾತ್ರ ಎತ್ತಿ ಹೊರಬರಲಿ. ಕೆಲವು ಗಂಟೆಗಳ ನಂತರ ಪೂರ್ತಿ ಹೊದಿಕೆ ತೆಗೆಯಬಹುದು. ವಾಸನೆ ಇಲ್ಲವೆಂದು ಮುಖವಾಡ ತೆಗೆಯಬೇಡಿ. ಬೆಳ್ಳುಳ್ಳಿ ಅಥವಾ ಕಾರ್ಬೈಡಿನಂಥ ವಾಸನೆ ಬರುವುದು ಜೊತೆಗಿನ ಕಲ್ಮಶದಿಂದ, ಧಾನ್ಯ ಅದನ್ನು ಹೀರಿಕೊಂಡ ಮೇಲೂ ಫಾಸ್ಫೀನ್ ಉಳಿದಿರಬಹುದು.

ಮೀಟರ್ 0.3 ಪಿಪಿಎಂಗಿಂತ ಕೆಳಗೆ ತೋರಿಸುವವರೆಗೆ ಬರಿ ಮುಖದಲ್ಲಿ ಯಾರೂ ಒಳಗೆ ಕಾಲಿಡಬಾರದು. ನಡುದಾರಿಯಲ್ಲಷ್ಟೇ ಅಲ್ಲ, ಚೀಲಗಳ ಸಂದಿಗೂ ಮೀಟರ್ ತೂರಿಸಿ ನೋಡಿ. ಕಾಳಿನೊಳಗೆ ಉಳಿದ ಗ್ಯಾಸ್ ನಿಧಾನ ಹೊರಬರುತ್ತದೆ, ಆದ್ದರಿಂದ ಆ ರಾತ್ರಿ ಬಾಗಿಲು ಮುಚ್ಚಿಟ್ಟು ಮರುದಿನ ಬೆಳಿಗ್ಗೆ ಮತ್ತೊಮ್ಮೆ ಅಳೆಯಿರಿ. ಆಗಲೂ ಕೆಳಗಿದ್ದರೆ ಹಮಾಲರನ್ನು ಕರೆಯಬಹುದು. ಬಂದರಿನಿಂದ ಮಿಲ್ಲಿಗೆ ಬರ್ಮಾ ಅಥವಾ ಮೊಜಾಂಬಿಕ್ ತೊಗರಿಯ ಕಂಟೇನರ್ ನೇರವಾಗಿ ಬಂದರೂ ಇದೇ ನಿಯಮ. ಬಾಗಿಲ ಮೇಲೆ ವಿಷಾನಿಲದ ಚೀಟಿ ಇದೆಯೇ ನೋಡಿ, ತೆರೆದು ಗಾಳಿಯಾಡಲು ಬಿಟ್ಟು, ಅಳೆದು, ಆಮೇಲೆ ಹತ್ತಿ. ಚೀಟಿ ಕಿತ್ತುಹೋಗಿರಲೂಬಹುದು.

ತಟ್ಟೆಯ ಬೂದಿಯಲ್ಲಿ ಇನ್ನೂ ಸ್ವಲ್ಪ ಜೀವ ಇರುತ್ತದೆ. ಚೀಲಕ್ಕೆ ತುಂಬಿ ಬಾಯಿ ಕಟ್ಟಿದರೆ ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಡ್ರಮ್ಮಿನ ಮೂರನೆಯ ಎರಡು ಭಾಗ ನೀರು, ಅದಕ್ಕೆ ಬಟ್ಟೆ ತೊಳೆಯುವ ಪುಡಿ ಕಲಸಿ, ಗಾಳಿಗೆ ಬೆನ್ನು ಮಾಡಿ ನಿಂತು ಬೂದಿಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕೋಲಿನಿಂದ ತಿರುವಿ. ನೀರನ್ನು ಬೂದಿಯ ಮೇಲೆ ಸುರಿಯಬಾರದು. ಮುಚ್ಚಳ ಹಾಕದೆ 36 ಗಂಟೆ ಬಿಟ್ಟು, ಬಾವಿ-ಬೋರ್‌ವೆಲ್‌ಗಳಿಂದ ದೂರ, ಎರಡು ಅಡಿ ಆಳದಲ್ಲಿ ಹೂಳಿ. ಖಾಲಿ ಡಬ್ಬಿ ತೊಳೆದು, ಚುಚ್ಚಿ ಕೆಡಿಸಿ. ಅದು ಯಾರ ಮನೆಯ ಅಡುಗೆಮನೆಗೂ ಹೋಗಬಾರದು.

ಯಾರಿಗಾದರೂ ತಲೆನೋವು, ಓಕರಿಕೆ, ಎದೆ ಬಿಗಿತ, ಕೆಮ್ಮು, ತಲೆಸುತ್ತು ಬಂದರೆ ತಕ್ಷಣ ಬಯಲಿಗೆ ಕರೆತನ್ನಿ, ಪುಡಿ ಹತ್ತಿದ ಬಟ್ಟೆ ಕಳಚಿ, 108ಕ್ಕೆ ಕರೆ ಮಾಡಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಡಿ. ಈ ವಿಷಕ್ಕೆ ಪ್ರತಿವಿಷ ಇಲ್ಲ, ಆಸ್ಪತ್ರೆಯ ನಿಗಾ ಒಂದೇ ದಾರಿ. ಖಾಲಿ ಡಬ್ಬಿಯ ಲೇಬಲ್ಲನ್ನು ಜೊತೆಗೇ ಕಳಿಸಿ, ಬಂದ ಲಕ್ಷಣ ಕಡಿಮೆಯಾಯಿತೆಂದು ಮನೆಗೆ ಕಳಿಸಬೇಡಿ. ಒಳಗೆ ಬಿದ್ದವನನ್ನು ಎತ್ತಲು ಮುಖವಾಡವಿಲ್ಲದೆ ಯಾರೂ ನುಗ್ಗಬಾರದು.

ಗ್ಯಾಸ್ ಹೋದ ಮೇಲೆ ಕಾಳಿನಲ್ಲಿ ಯಾವ ಕಾವಲೂ ಉಳಿಯುವುದಿಲ್ಲ. ಪಕ್ಕದ ಥಪ್ಪಿಯಿಂದ ಅದೇ ಸಂಜೆ ನುಸಿ ಹಾರಿಬರಬಹುದು. ಒಂದು ಗೋದಾಮಿನ ಎಲ್ಲ ಥಪ್ಪಿಗೂ ಒಟ್ಟಿಗೇ ಹಾಕಿಸಿ. ಗೋಡೆ, ನೆಲ, ಓಡಾಡುವ ದಾರಿಗೆ ಮೆಲಥಿಯಾನ್ ಶೇ. 50ರ ದ್ರಾವಣವನ್ನು ಒಂದಕ್ಕೆ ನೂರು ಪಾಲು ನೀರಿನಲ್ಲಿ ಕಲಸಿ, 100 ಚದರ ಮೀಟರ್‌ಗೆ 3 ಲೀಟರ್‌ನಂತೆ 15 ದಿನಕ್ಕೊಮ್ಮೆ ಸಿಂಪಡಿಸಿ. ಬಿಡಿ ಕಾಳಿಗೆ, ಬೇಳೆಗೆ ತಾಗದಿರಲಿ. ಬಿಚ್ಚಿದ ಎರಡು ವಾರಕ್ಕೆ ಪ್ರತಿ ಥಪ್ಪಿಯ ಬೇರೆ ಬೇರೆ ಎತ್ತರದ ಹತ್ತು ಚೀಲದಿಂದ ಪರಖಿ (ಕಾಳಿನ ಮಾದರಿ ತೆಗೆಯುವ ಮೊನಚು ಕೊಳವೆ) ಚುಚ್ಚಿ ಕಾಳು ತೆಗೆದು ಜರಡಿ ಹಿಡಿಯಿರಿ. ಒಂದೇ ಒಂದು ಜೀವಂತ ಹುಳು ಸಿಕ್ಕರೂ ಏಳು ದಿನದ ಓದುಗಳ ವಹಿ ತೆಗೆದು, ಯಾವ ನಳಿಕೆಯ ಸಂಖ್ಯೆ ಮೊದಲು ಕುಸಿದಿತ್ತೆಂದು ನೋಡಿ, ಆ ಬದಿಯ ಚೀಲಗಳನ್ನೇ ಮೊದಲು ಬಿಚ್ಚಿಸಿ.